ಗೆರೆಯಿರುವ ತಂತಿ

ಒಣ ಸಿಗಡಿಯ ತಲೆ ಮುರಿದು ಮೊರಕ್ಕೆ ಹಾಕುತ್ತಿದ್ದೆ. ಅರ್ಧ ಬುಟ್ಟಿ ಮುಗಿದಿತ್ತು, ಇನ್ನರ್ಧ ಉಳಿದಿತ್ತು, ಅಷ್ಟರಲ್ಲಿ ನಾಗವೇಣಿ ಓಡಿಸುವ ಆಗರದ ಸಂಘದ ಹಳದಿ ಕಾರು ಅಂಗಳಕ್ಕೆ ಬಂದು ನಿಂತಿತು. ಇಳಿದವಳು ಚಪ್ಪಲಿ ಬಿಡುವುದನ್ನೂ ಮರೆತು ಜಗಲಿ ಹತ್ತಿದಳು. ನನ್ನೆದುರು ಕುಕ್ಕರಗಾಲಿನಲ್ಲಿ ಕೂತು ತಾನೂ ಒಂದು ಸಿಗಡಿ ಎತ್ತಿಕೊಂಡಳು. ತಲೆ ಮುರಿಯಲು ಹೋಗಿ ನಡುವಿನಲ್ಲಿ ಮುರಿದಳು.

"ದೊಡ್ಡಮ್ಮಾ, ನೀವೇ ಬಂದು ಒಂದ್ಸಲ ನೋಡ್ಬೇಕು."

"ಮೊನ್ನೆ ಹಾಕಿದ ಸ್ಪೀಕರಾ? ಹಾಕಿದವ ಇನಾಸ. ಅವನನ್ನೇ ಕೇಳು."

"ಅವ ಎಲ್ಲಾ ಸರಿ ಇದೆ ಅಂತಾನೆ. ಸರಿ ಇದ್ರೆ ನಿನ್ನೆ ನನ್ನ ಅಬ್ಬೆ ಅಳಿವೆಯ ಕೆಸರಲ್ಲಿ ಸೊಂಟದವರೆಗೆ ಹೂತು ನಿಲ್ತಿತ್ತಾ?"

ಇನ್ನೊಂದು ಸಿಗಡಿ ಹಿಡಿದೆ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಬಿಳಿ ಇಳಿಯಲು ಇನ್ನು ಮೂರೂವರೆ ತಾಸು.

ನಮ್ಮ ಊರಿಗೆ ಬಿಳಿ ಇಳಿಯುವುದು ಮಧ್ಯಾಹ್ನ ಮೂರಕ್ಕೆ, ಏರುವುದು ಐದಕ್ಕೆ. ಆ ಎರಡು ತಾಸು ನಮ್ಮ ಕೈ ನಮಗೆ ಕಾಣುವುದಿಲ್ಲ. ಮೂಗಿನ ಹತ್ತಿರ ದೀಪ ಹಿಡಿದರೆ ಬಿಸಿ ತಾಗುತ್ತದೆ, ಬೆಳಕು ಕಾಣುವುದಿಲ್ಲ. ಮೂರಕ್ಕೆ ಮೊದಲೇ ಎಲ್ಲರೂ ಮನೆ ಸೇರಬಾರದೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಾವು ಉಪ್ಪಿನ ಆಗರದವರು. ಬಿಳಿ ಇಳಿಯುವ ಸ್ವಲ್ಪ ಮೊದಲೇ ಉಪ್ಪು ಹರಳುಗಟ್ಟುವುದು. ಆ ಗಳಿಗೆಯಲ್ಲಿ ಕೆರೆದು ರಾಶಿ ಹಾಕಿ ತಾಳೆಗರಿ ಮುಚ್ಚದಿದ್ದರೆ ಬಿಳಿ ಅದನ್ನು ಮತ್ತೆ ನೀರು ಮಾಡಿಬಿಡುತ್ತದೆ. ಹಾಗಾದರೆ ಐದರವರೆಗೆ ನಿಂತಲ್ಲೇ ನಿಂತಿರಿ ಎನ್ನುತ್ತಾರೆ. ಅದೂ ಆಗುವುದಿಲ್ಲ. ಆಗರದ ಬಿಳಿಯಲ್ಲಿ ನಿಂತೇ, ಕೂತೇ ಇರುತ್ತೇನೆ ಎಂದುಕೊಂಡವರೂ ನಡೆದಿರುತ್ತಾರೆ, ಅವರಿಗೇ ಗೊತ್ತಿಲ್ಲದ ಹಾಗೆ. ಹಿಂದಿನವರು ಹಗ್ಗ ಕಟ್ಟಿಕೊಂಡು ನೋಡಿದ್ದರಂತೆ. ಬಿಳಿಯಲ್ಲಿ ಹಗ್ಗವನ್ನು ಎಷ್ಟು ಎಳೆದರೂ ಅದು ಸಡಿಲವೇ.

ಆದ್ದರಿಂದ ನಮಗೆ ದನಿಯೊಂದೇ ದಾರಿ. ಬಿಳಿ ಇಳಿದ ಮೇಲೆ ಊರಿನಲ್ಲಿ ಕಾರು ಬಿಟ್ಟು ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ದೇವಸ್ಥಾನದ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುತ್ತಾರೆ. ಯಾರೂ ಕುಕ್ಕರ್ ಇಡುವುದಿಲ್ಲ. ಶಾಲೆಯ ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ಜಗಳಕ್ಕೆ ಬಿದ್ದ ಗಂಡಹೆಂಡಿರು ಅರ್ಧ ಬೈಗುಳವನ್ನು ಬಾಯಲ್ಲೇ ಹಿಡಿದುಕೊಂಡು ಐದು ಗಂಟೆಗೆ ಕಾಯುತ್ತಾರೆ. ಕಾರು ಆಗರದ ಕಟ್ಟೆಯ ತುದಿಯಲ್ಲಿ ಆಗರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತದೆ. ಅಂದು ಆಗರಕ್ಕೆ ಇಳಿದವರ ಹೆಸರು ಒಂದು ಪುಸ್ತಕದಲ್ಲಿರುತ್ತದೆ. ಡ್ರೈವರು ಅದನ್ನು ಬಾಯಿಪಾಠ ಮಾಡಿಕೊಂಡು ಒಂದೊಂದು ಹೆಸರನ್ನೂ ಮೂರು ಸಲ ಕೂಗಬೇಕು. ಬಂದವರು ಕಾರಿನ ಡಿಕ್ಕಿಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿ, ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾರೆ. ಬಿಳಿ ಏರಿದ ಮೇಲೆ ಪುಸ್ತಕದಲ್ಲಿ ಅವರವರ ಹೆಸರಿನ ಮುಂದೆ ಗುರುತು ಬೀಳುತ್ತದೆ.

ಹತ್ತೊಂಬತ್ತು ವರ್ಷ ಕಾರಿನ ನೆತ್ತಿಯ ಮೇಲಿನ ತಗಡಿನ ಮೈಕ್ ಹಾರ್ನೇ ಕೂಗಿತು. ಈ ವರ್ಷ ಉಪ್ಪುಗಾಳಿ ಅದರ ಬಾಯನ್ನು ತಿಂದು ಮುಗಿಸಿತು. ಆಗರದ ಸಂಘದವರು ಕಾರಿನ ಮುಂದಿನ ಎರಡು ಬಾಗಿಲಿಗೆ ಎರಡು ಹೊಸ ಸ್ಪೀಕರ್ ತರಿಸಿದರು. ಗ್ಯಾರೇಜಿನ ಇನಾಸ ಕೂರಿಸಿದ. ನಿನ್ನೆ ಮೊದಲ ದಿನ. ಬೆನ್ನು ಕೊಟ್ಟು ನಿಂತ ಕಾರಿನ ಬಾಗಿಲುಗಳನ್ನು ರೆಕ್ಕೆಯ ಹಾಗೆ ಬಿಚ್ಚಿದರೆ ದನಿ ಆಗರದ ಮೇಲೆ ಹೋಗಬೇಕು. ಹೋಯಿತು, ಹಾರ್ನಿಗಿಂತ ಚಂದವಾಗಿಯೇ ಹೋಯಿತು. ಆದರೆ ಜನ ಬರಲಿಲ್ಲ. ಅರ್ಧ ಜನ ಪೂರ್ವದ ತೂಬಿನ ಹತ್ತಿರ ಹೋಗಿ ಮುಟ್ಟಿದರು, ಅರ್ಧ ಪಶ್ಚಿಮದ ಮುಳ್ಳುಬೇಲಿಗೆ. ನಾಗವೇಣಿಯ ತಾಯಿ ಮಾದೇವಿ ಅಳಿವೆಗೆ ಇಳಿದಿದ್ದಳು. ನೀರೇರುವ ಭರತಕ್ಕೆ ಇನ್ನೂ ಹೊತ್ತಿತ್ತು, ಅದಕ್ಕೆ ಬದುಕಿದಳು.

"ಅಬ್ಬೆ ಎಂತ ಹೇಳ್ತದೆ?" ಎಂದು ಕೇಳಿದೆ.

"ಕೂಗು ತಲೆ ಒಳಗಿಂದ ಬಂದ ಹಾಗೆ ಆಯ್ತಂತೆ. ಎತ್ತ ತಿರುಗಿದ್ರೂ ಅಷ್ಟೇ ಹತ್ರ, ಅಷ್ಟೇ ದೂರ." ನಾಗವೇಣಿ ಮುರಿದ ಸಿಗಡಿಯನ್ನು ಮೊರಕ್ಕೆ ಹಾಕಿದಳು. "ಸಂಘದ ಬೊಮ್ಮಯ್ಯ ಆಗ್ಲೇ ಶುರು ಮಾಡಿದ್ದಾರೆ ದೊಡ್ಡಮ್ಮ. ಕೂಗುವಾಗ ಕಾರು ಅಲ್ಲಾಡಿಸಿದ್ಯಾ ಅಂತ ಎಲ್ಲರ ಎದುರಿಗೆ ಕೇಳಿದ್ರು. ಇವತ್ತೂ ನಲವತ್ತೊಂದು ಜನ ಇಳಿದಿದ್ದಾರೆ. ನಾಳೆ ಹುಣ್ಣಿಮೆ ನೆರೆ, ಇವತ್ತು ಕೆರೀದಿದ್ರೆ ಎಲ್ಲಾ ಹೋಗ್ತದೆ. ಅಬ್ಬೆಗೆ ಬೇಡ ಅಂದೆ, ಕೇಳ್ಲಿಲ್ಲ. ಒಬ್ರು ಬರದೇ ಹೋದ್ರೆ ನನ್ನ ಗತಿ ಹಮ್ಮಣ್ಣಂದೇ."

ಆ ಹೆಸರು ಕೇಳಿ ನನ್ನ ಕೈ ನಿಂತಿತು. ಹಮ್ಮಣ್ಣ ನನ್ನ ತಂಗಿ ತುಳಸುವಿನ ಗಂಡ. ಹತ್ತೊಂಬತ್ತು ವರ್ಷದ ಹಿಂದೆ ಈ ಕಾರು ಓಡಿಸುತ್ತಿದ್ದವನು ಅವನೇ. ಆಗಲೂ ಒಮ್ಮೆ ಬಾಗಿಲಿಗೆ ಎರಡು ಸ್ಪೀಕರ್ ಹಾಕಿದ್ದರು. ಮೊದಲ ದಿನವೇ ಜನ ದಿಕ್ಕಾಪಾಲಾದರು. ಸಂಜೆಗೆ ಎಲ್ಲರೂ ಸಿಕ್ಕರು, ತುಳಸು ಸಿಗಲಿಲ್ಲ. ಹಮ್ಮಣ್ಣ ಅವಳ ಹೆಸರನ್ನು ಎರಡು ತಾಸು ಕೂಗಿದ, ಗಂಟಲು ಹರಿಯುವವರೆಗೆ. ಕಾರು ಅಲ್ಲಾಡಿದೆ, ದನಿ ಜಾಗ ಬದಲಿಸುತ್ತಿತ್ತು ಎಂದು ಬದುಕಿ ಬಂದವರೆಲ್ಲ ಹೇಳಿದರು. ಅವನು ಆಗೀಗ ಕುಡಿಯುತ್ತಿದ್ದ. ಅದೂ ಸೇರಿತು. ಮರುದಿನ ಹಳೆಯ ಹಾರ್ನು ಹಾಕಿ ಬೇರೆ ಡ್ರೈವರನ್ನು ಕೂರಿಸಿದರು. ಎಲ್ಲರೂ ನೇರವಾಗಿ ಬಂದು ಡಿಕ್ಕಿ ಮುಟ್ಟಿದರು. ಇನ್ನೇನು ಸಾಕ್ಷಿ ಬೇಕು? ಸಂಘದ ಯಜಮಾನ ಬೊಮ್ಮಯ್ಯ ಅವನ ಕೈಯಿಂದ ಕಾರಿನ ಕೀಲಿ ಕಿತ್ತುಕೊಂಡ. ನಾನು ಇನ್ನೂ ಮುಂದೆ ಹೋದೆ. "ನನ್ನ ತಂಗಿಯನ್ನು ತಿಂದವ ನೀನು" ಎಂದು ಅವನ ಕಾಲ ಬುಡಕ್ಕೆ ಉಗಿದೆ. ಅವನು ಅಳಿವೆಯ ಆಚೆ ದಡದ ಊರಿಗೆ ಹೋದವನು ಮತ್ತೆ ಬರಲಿಲ್ಲ.

ನಾಗವೇಣಿಗೆ ಹೇಳದೇ ಇದ್ದ ಮಾತೊಂದಿತ್ತು. ನಿನ್ನೆ ಬಿಳಿಯಲ್ಲಿ ನಾನು ಇದೇ ಜಗಲಿಯಲ್ಲಿ ಕೂತಿದ್ದೆ. ಅವಳ ಕೂಗು ಮೊದಲು ಅಡುಗೆಮನೆಯಿಂದ ಬಂದ ಹಾಗೆ, ಆಮೇಲೆ ಬಾವಿಯಿಂದ ಬಂದ ಹಾಗೆ ಕೇಳಿಸಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಹಮ್ಮಣ್ಣನ ಕೂಗೂ ಹೀಗೆಯೇ ಕೇಳಿತ್ತು, ಅಡುಗೆಮನೆಯಿಂದ, ಬಾವಿಯಿಂದ. ಬೆಳಗಿನಿಂದ ಆ ನೆನಪನ್ನು ಆಚೆ ತಳ್ಳಿ ಸಿಗಡಿ ಹಿಡಿದು ಕೂತಿದ್ದೆ.

ಕೈ ತೊಳೆದೆ. ವಾಸನೆ ಹೋಗಲಿಲ್ಲ. ನಮ್ಮನೆಯವರ ಕಾಲದ ತಗಡಿನ ಡಬ್ಬಿ ಎತ್ತಿಕೊಂಡೆ. ಅವರಿಗೆ ಮೈಕ್ ಸೆಟ್ಟಿನ ಅಂಗಡಿಯಿತ್ತು. ಅವರು ತೀರಿಕೊಂಡ ಮೇಲೂ ಊರಿನವರು ಕೆಟ್ಟ ಮೈಕು, ಕೆಟ್ಟ ರೇಡಿಯೋ ನನ್ನ ಹತ್ತಿರವೇ ತರುತ್ತಾರೆ. ಡಬ್ಬಿಯಲ್ಲಿ ಫ್ಯೂಸು, ಇಕ್ಕಳ, ಟಾರ್ಚಿನ ಸೆಲ್ಲು. ಎಲ್ಲದರ ಅಡಿಯಲ್ಲಿ ಒಂದು ಲಕೋಟೆ. ಅದನ್ನು ನೋಡದ ಹಾಗೆ ಮುಚ್ಚಳ ಹಾಕಿದೆ.

ಕಟ್ಟೆಯ ತುದಿಯಲ್ಲಿ ಇನಾಸ ಮೊದಲೇ ಬಂದು ನಿಂತಿದ್ದ. ನಲವತ್ತು ದಾಟಿದ ಗಂಡಸು, ಕೆಲಸ ಗೊತ್ತಿರುವವನು, ಆದ್ದರಿಂದಲೇ ಸಿಟ್ಟಿನಲ್ಲಿದ್ದ. ಕೆಳಗೆ ಆಗರದಲ್ಲಿ ನಲವತ್ತೊಂದು ಬೆನ್ನುಗಳು ಬಾಗಿದ್ದವು.

"ಬನ್ನಿ ಮಂಕಾಳಕ್ಕ. ನನ್ನ ಕೆಲಸದ ಪರೀಕ್ಷೆಗೆ ನಿಮ್ಮನ್ನ ಕರ್ಕೊಂಡು ಬಂದ್ಲಾ? ರಾತ್ರಿ ಶಾಲೆಯಲ್ಲಿ ಇದನ್ನೂ ಕಲಿಸಿದ್ರಾ?"

"ಕಲಿಸಿದ್ರು. ದೊಡ್ಡವರ ಹತ್ರ ಹೇಗೆ ಮಾತಾಡ್ಬೇಕು ಅಂತಾನೂ ಕಲಿಸಿದ್ರು. ನಿನ್ನ ಶಾಲೆಯಲ್ಲಿ ಆ ಪಾಠ ಬಿಟ್ಟುಹೋಯ್ತು ಕಾಣ್ತದೆ. ಎಂಜಿನ್ ಚಾಲು ಮಾಡು."

ಚಾಲು ಮಾಡಿದ. ಸ್ಪೀಕರಿನಲ್ಲಿ ಸೊಳ್ಳೆಯ ಹಾಗೆ ಒಂದು ಕೊಯ್ಯೆನ್ನುವ ಸದ್ದು. ಎಂಜಿನ್ ಏರಿಸಿದರೆ ಸೊಳ್ಳೆಯೂ ಏರುತ್ತಿತ್ತು. ಇದೇ ರೋಗವೆಂದು ಮೂವರೂ ಅದರ ಹಿಂದೆ ಬಿದ್ದೆವು. ಆಂಪ್ಲಿಫೈಯರಿನ ಅರ್ತ್ ತಂತಿಯ ಬುಡ ತುಕ್ಕು ಹಿಡಿದಿತ್ತು. ಬಿಚ್ಚಿ, ಮರಳುಕಾಗದದಲ್ಲಿ ತಿಕ್ಕಿ ಬೆಳ್ಳಗೆ ಮಾಡಿ ಮತ್ತೆ ಬಿಗಿದೆವು. ಸೊಳ್ಳೆ ಸತ್ತಿತು. ಅಷ್ಟಕ್ಕೇ ಒಂದೂವರೆ ಆಗಿತ್ತು.

"ಆಯ್ತಲ್ಲ!" ಎಂದು ಇನಾಸ ಕೈ ಒರೆಸಿಕೊಂಡ.

"ತಾಳು." ನಾನು ಕಟ್ಟೆಯ ಮೇಲೆ ಐವತ್ತು ಹೆಜ್ಜೆ ಆಚೆ ಹೋದೆ. ಸೆರಗಿನಿಂದ ಕಣ್ಣು ಕಟ್ಟಿಕೊಂಡು ನಿಂತಲ್ಲೇ ಮೂರು ಸುತ್ತು ತಿರುಗಿದೆ. "ಕೂಗು ನಾಗವೇಣಿ."

ಅವಳು ನನ್ನ ಹೆಸರು ಕೂಗಿದಳು. ದನಿ ದೊಡ್ಡದಾಗಿತ್ತು, ಸ್ಪಷ್ಟವಾಗಿತ್ತು, ಒಂದಿಷ್ಟೂ ಕರಕರವಿರಲಿಲ್ಲ. ಮುಂದೆ ಇದೆ ಎಂದು ಹೆಜ್ಜೆಯಿಟ್ಟೆ, ಹಿಂದೆ ಇದ್ದ ಹಾಗಾಯಿತು. ತಿರುಗಿದೆ, ಎರಡು ಕಿವಿಯ ನಡುವೆ ಬಂದು ಕೂತಿತು. ನಾಲ್ಕನೆಯ ಹೆಜ್ಜೆಗೆ ಕಾಲ ಕೆಳಗೆ ಕಲ್ಲು ಜಾರಿತು. ಇನಾಸ ಓಡಿ ಬಂದು ರಟ್ಟೆ ಹಿಡಿಯದಿದ್ದರೆ ಕಟ್ಟೆಯಿಂದ ಕೆಳಗೆ ಉರುಳುತ್ತಿದ್ದೆ. ಕಣ್ಣು ಬಿಚ್ಚಿದಾಗ ಕಾರು ನನ್ನ ಬಲಕ್ಕಿತ್ತು. ನಾನು ಎಡಕ್ಕೆ ನಡೆದಿದ್ದೆ.

ಇನಾಸನ ಮುಖದಲ್ಲಿದ್ದ ಸಿಟ್ಟು ಇಳಿದುಹೋಗಿತ್ತು. "ಪ್ಲಸ್ಸಿಗೆ ಪ್ಲಸ್ಸೇ ಕೊಟ್ಟಿದ್ದೇನೆ ಅಕ್ಕ. ದೇವರಾಣೆ."

"ನೋಡುವ."

ನಮ್ಮನೆಯವರು ಮಾಡುತ್ತಿದ್ದ ಪರೀಕ್ಷೆಯೊಂದಿದೆ. ಟಾರ್ಚಿನ ಒಂದು ಸೆಲ್ಲು ತೆಗೆದುಕೊಂಡು ಸ್ಪೀಕರಿನ ಎರಡು ತಂತಿಗೆ ಮುಟ್ಟಿಸಬೇಕು. ಕಾಗದದ ಬಟ್ಟಲು ಒಮ್ಮೆ ಹೊರಕ್ಕೆ ಜಿಗಿದರೆ ತಂತಿ ಸರಿ, ಒಳಕ್ಕೆ ಹೋದರೆ ತಿರುಗಿದೆ. ಬಾಗಿಲಿನ ಒಳಗೆ, ಸ್ಪೀಕರಿನ ಬುಡದಲ್ಲೇ ಮುಟ್ಟಿಸಿದೆ. ಎಡ ಹೊರಕ್ಕೆ, ಬಲ ಹೊರಕ್ಕೆ. ಇನಾಸ ಸುಳ್ಳು ಹೇಳಿರಲಿಲ್ಲ. ಆಮೇಲೆ ಆಂಪ್ಲಿಫೈಯರಿನ ಹಿಂದಿನಿಂದ ಹೊರಡುವ ತಂತಿಗೆ ಮುಟ್ಟಿಸಿದೆ. ನಾಗವೇಣಿ ಎಡಬಾಗಿಲಿನ ಹತ್ತಿರ ಬಗ್ಗಿ ನೋಡಿ "ಹೊರಗೆ" ಎಂದಳು. ಬಲಬಾಗಿಲಿನ ಹತ್ತಿರ ಕೂತಿದ್ದ ಇನಾಸ ಮುಖವನ್ನು ಸ್ಪೀಕರಿನ ಹತ್ತಿರಕ್ಕೆ ತಂದ.

"ಎಂತಾಯ್ತು?"

"ಇನ್ನೊಂದ್ಸಲ ಮುಟ್ಟಿಸಿ." ಮುಟ್ಟಿಸಿದೆ. "ಒಳಗೆ ಹೋಗ್ತದೆ ಅಕ್ಕ."

ಒಂದು ಬಾಗಿಲು ಉಸಿರು ಬಿಡುವಾಗ ಇನ್ನೊಂದು ಬಾಗಿಲು ಉಸಿರು ಎಳೆಯುತ್ತಿತ್ತು. ಹಾಗಾದಾಗ ದನಿಗೆ ಊರಿರುವುದಿಲ್ಲ. ಎಲ್ಲ ಕಡೆಯಿಂದಲೂ ಬರುತ್ತದೆ, ಯಾವ ಕಡೆಯಿಂದಲೂ ಬರುವುದಿಲ್ಲ.

"ಹೊಸಾ ತಂತಿ ಎಲ್ಲಿಂದ ಎಲ್ಲಿಗೆ ಎಳೆದೆ ಇನಾಸ?"

"ಬಾಗಿಲೊಳಗೆ ಮಾತ್ರ. ಮಧ್ಯದ್ದು ಹಳೇದೇ ಇತ್ತು. ಯಾವ ಕಾಲದ್ದೋ, ಸೀಟಿನ ಕೆಳಗಿಂದ ಹೋಗ್ತದೆ. ಒಳ್ಳೇ ತಾಮ್ರ, ಯಾಕೆ ಕೀಳೂದು ಅಂತ ಅದಕ್ಕೇ ಸೇರಿಸಿದೆ."

ಯಾವ ಕಾಲದ್ದೆಂದು ನನಗೆ ಗೊತ್ತಿತ್ತು. "ಸೀಟು ಎತ್ತು" ಎಂದೆ.

ಎರಡೂಕಾಲು. ಸೀಟಿನ ನಾಲ್ಕು ಬೋಲ್ಟು ಉಪ್ಪು ತಿಂದು ಒಂದಾಗಿದ್ದವು. ಇನಾಸ ಸೀಮೆಎಣ್ಣೆ ಸುರಿದ, ಸುತ್ತಿಗೆಯಲ್ಲಿ ಬಡಿದ, ಪಾನಾ ಹಾಕಿ ಮೈಯೆಲ್ಲ ಭಾರ ಬಿಟ್ಟು ನೇತಾಡಿದ. ಒಂದು ಬಂತು. ಎರಡನೆಯದು ಬರುವಾಗ ಎರಡೂವರೆ. ನಾಗವೇಣಿ ಕಟ್ಟೆಯ ಅಂಚಿಗೆ ಹೋಗಿ ನಿಂತಳು. ಕೆಳಗೆ ಹೆಂಗಸರು ಉಪ್ಪು ಕೆರೆಯುವ ಹಲಗೆಗಳನ್ನು ಜೋರಾಗಿ ಎಳೆಯತೊಡಗಿದ್ದರು. ಹರಳು ಕಟ್ಟಿತ್ತು.

"ಅಬ್ಬೇ! ಇವತ್ತು ಬೇಗ ಬಾರೇ!" ಎಂದು ಅವಳು ಕೂಗಿದಳು.

"ಬರ್ತೆ, ಬರ್ತೆ! ನೀನು ಕಾರು ಓಡಿಸ್ಕೊಂಡು ಸಿನಿಮಾಕ್ಕೆ ಹೋಗ್ಬೇಡ, ಸಾಕು!" ಕೆಳಗಿನಿಂದ ಮಾದೇವಿಯ ದನಿ. ಸುತ್ತಲಿನ ಹೆಂಗಸರು ನಕ್ಕರು. ನಾಗವೇಣಿ ನಗಲಿಲ್ಲ. ಹೆಂಗಸರ ನಡುವೆ ಬೊಮ್ಮಯ್ಯ ಬೆನ್ನು ನೆಟ್ಟಗೆ ಮಾಡಿ ಕಾರಿನತ್ತ ನೋಡುತ್ತಿದ್ದ.

ನಾಲ್ಕನೆಯ ಬೋಲ್ಟು ಬರಲೇ ಇಲ್ಲ. ಇನಾಸ ಸೀಟನ್ನೇ ತಿರುಚಿ ಎತ್ತಿದ. ಕೆಳಗಿನ ಚಾಪೆ ಕಿತ್ತೆವು. ನಾನು ಮೊಣಕಾಲೂರಿ ತಲೆ ಒಳಗೆ ಹಾಕಿದೆ. ಹತ್ತೊಂಬತ್ತು ವರ್ಷದ ಧೂಳು, ಒಣಗಿದ ಜಿರಲೆ, ಅದರ ನಡುವೆ ತಂತಿಗಳ ಎರಡು ಗಂಟು. ಎರಡಕ್ಕೂ ಬಟ್ಟೆಯ ಪಟ್ಟಿ ಸುತ್ತಿತ್ತು. ಹಸಿರು ಬಟ್ಟೆ, ಹಳದಿ ಚೌಕುಳಿ.

ತುಳಸುವಿನ ಹಳೆಯ ಸೀರೆ ಅದು. ಅಂದು ನಮ್ಮನೆಯವರು ಜ್ವರದಲ್ಲಿ ಮಲಗಿದ್ದರು. ಅವರ ಕೆಲಸ ನೋಡಿ ನೋಡಿ ನನಗೆ ಬರುತ್ತದೆ ಎಂಬ ಹೆಮ್ಮೆಯಿತ್ತು. ಸ್ಪೀಕರ್ ನಾನೇ ಕೂರಿಸುತ್ತೇನೆ ಎಂದಿದ್ದೆ. ಟೇಪು ಮುಗಿದಾಗ ತುಳಸು ಒಳಗಿನಿಂದ ಆ ಸೀರೆಯ ಅಂಚು ಹರಿದು ತಂದುಕೊಟ್ಟಳು. "ಚಂದ ಕಟ್ಟು ಅಕ್ಕಾ, ನನ್ನ ಗಂಡ ದಿನಾ ಕೂರೂ ಜಾಗ" ಎಂದಳು.

ಚಂದವಾಗಿಯೇ ಕಟ್ಟಿದ್ದೆ. ಒಂದು ತಂತಿಗೆ ಬಿಳಿ ಗೆರೆಯಿತ್ತು, ಇನ್ನೊಂದಕ್ಕೆ ಇರಲಿಲ್ಲ. ಆ ಗೆರೆ ಏನು ಹೇಳುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ಓದು ಬರಹ ಬಾರದು, ಅಧಿಕ ಚಿಹ್ನೆ ಬಾರದು, ಕಳೆಯುವ ಚಿಹ್ನೆ ಬಾರದು. ನನಗೆ ಬರುತ್ತಿದ್ದದ್ದು ಜಡೆ ಹಾಕುವುದು. ತುಳಸು ಚಿಕ್ಕವಳಿದ್ದಾಗ ದಿನವೂ ಅವಳಿಗೆ ಎರಡು ಜಡೆ ಹಾಕುತ್ತಿದ್ದವಳು ನಾನು. ಎಡಜಡೆಗೆ ಹೊರಗಿನ ಎಳೆ ಎಡದಿಂದ ಬಂದರೆ ಬಲಜಡೆಗೆ ಬಲದಿಂದ ಬರಬೇಕು. ಆಗಲೇ ಎರಡೂ ಒಂದನ್ನೊಂದು ನೋಡಿಕೊಂಡ ಹಾಗೆ ಕಾಣುವುದು. ತಂತಿಯನ್ನೂ ಹಾಗೆಯೇ ಕಟ್ಟಿದ್ದೆ. ಎರಡು ಕಡೆಯೂ ಗೆರೆಯದು ಹೊರಗೆ, ಬರಿಯದು ಒಳಗೆ. ನೋಡಲು ಎರಡು ಜಡೆಯ ಹಾಗೆ. ಆದರೆ ಆಂಪ್ಲಿಫೈಯರಿನಿಂದ ಬಂದ ಎರಡು ಜೋಡಿಯಲ್ಲೂ ಗೆರೆಯದು ಎಡಕ್ಕೇ ಇತ್ತು, ಹಾಗಾಗಿ ಎಡಕ್ಕೆ ಗೆರೆಗೆ ಗೆರೆ ಕೂಡಿತ್ತು. ಬಲಕ್ಕೆ ಗೆರೆಗೆ ಬರಿಯ ತಂತಿ ಕೂಡಿತ್ತು.

ತುಳಸು ಹೋದ ಮೂರನೆಯ ದಿನ ಹಮ್ಮಣ್ಣ ನನ್ನ ಅಂಗಳಕ್ಕೆ ಬಂದಿದ್ದ. "ಅಕ್ಕಾ, ಕಾರು ನಾನು ಒಂದು ಗೇಣೂ ಅಲ್ಲಾಡಿಸಲಿಲ್ಲ. ಆ ತಂತಿ ಒಮ್ಮೆ ನೋಡು" ಎಂದಿದ್ದ. ಒಂದೇ ಸಲ ಹೇಳಿದ. "ಕೊಂದದ್ದೂ ಅಲ್ಲದೆ ನನ್ನ ಕೆಲಸಕ್ಕೆ ಹೆಸರಿಡ್ತೀಯಾ" ಎಂದು ಬಾಗಿಲು ಹಾಕಿಕೊಂಡಿದ್ದೆ.

"ಯಾವ ಪುಣ್ಯಾತ್ಮ ಕಟ್ಟಿದ್ದು ಇದು!" ನನ್ನ ಭುಜದ ಮೇಲಿಂದ ಇಣುಕಿದ ಇನಾಸ ಹೇಳಿದ. "ಸೀರೆ ಉಡಿಸಿದ್ದಾನಲ್ಲ ತಂತಿಗೆ!"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಸಿರು ಬಟ್ಟೆ ಕಾಣದಾಯಿತು. ನನ್ನ ಬೆರಳು ಕಾಣದಾಯಿತು. ಬಿಳಿ ಇಳಿದಿತ್ತು.

ಇನ್ನು ಮಾತಿಲ್ಲ. ಆಗರದ ಕಡೆಯಿಂದ ಹಲಗೆಗಳ ಸದ್ದು ನಿಂತಿತು. ಊರಿಗೆ ಊರೇ ಉಸಿರು ಹಿಡಿಯಿತು. ಕೆಳಗೆ ನಲವತ್ತೊಂದು ಜನರ ಕಾಲು ಈಗಾಗಲೇ ತಾವಾಗಿ ನಡೆಯಲು ಶುರುಮಾಡಿರುತ್ತವೆ. ಕೂಗಿದರೆ ತಪ್ಪು ಕಡೆಗೆ ನಡೆಯುತ್ತಾರೆ, ಕೂಗದಿದ್ದರೆ ಎಲ್ಲೆಲ್ಲಿಗೋ ನಡೆಯುತ್ತಾರೆ. ಪಕ್ಕದಲ್ಲಿ ನಾಗವೇಣಿ ಏದುಸಿರು ಬಿಡುತ್ತಿದ್ದಳು. ನಾನು ಕೈ ಚಾಚಿ ಅವಳ ಮೊಣಕೈ ಹುಡುಕಿ ಗಟ್ಟಿಯಾಗಿ ಹಿಡಿದೆ. ತಾಳು ಎಂದು ಅರ್ಥ. ಅವಳು ತಾಳಿದಳು.

ಬಿಳಿಯಲ್ಲಿ ಗೆರೆ ಯಾವುದು, ಬರಿಯದು ಯಾವುದು ಎಂದು ನೋಡುವಂತಿಲ್ಲ. ಆದರೆ ನೋಡಬೇಕಾಗಿಯೂ ಇರಲಿಲ್ಲ. ಎರಡರಲ್ಲಿ ಯಾವುದಾದರೂ ಒಂದು ಗಂಟನ್ನು ತಿರುಗಿಸಿ ಕಟ್ಟಿದರೆ ಸಾಕು. ಬಲದ ಗಂಟಿಗೆ ಕೈ ಹಾಕಿದೆ. ಬಟ್ಟೆ ಉಪ್ಪುಹಿಡಿದು ಹಪ್ಪಳವಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ನಾಲಿಗೆಗೆ ಉಪ್ಪು, ಧೂಳು, ಕೈಯ ಸಿಗಡಿಯ ವಾಸನೆ. ಎರಡು ತಂತಿಯನ್ನೂ ಬೇರೆ ಬೇರೆ ಎಳೆದು ದೂರ ಹಿಡಿದೆ. ಈಗ ಬಲಬಾಗಿಲು ಸತ್ತಿತ್ತು, ಎಡಬಾಗಿಲು ಒಂದೇ. ಒಂದೇ ಬಾಯಿ ಸುಳ್ಳು ಹೇಳಲಾರದು, ಸಣ್ಣದಾಗಿಯಾದರೂ ಸರಿಯಾದ ಜಾಗದಿಂದ ಕೂಗುತ್ತದೆ. ನಾಗವೇಣಿಯ ಮೊಣಕೈಯನ್ನು ಎರಡು ಸಲ ಒತ್ತಿದೆ.

ಅವಳು ಕೂಗಲು ಶುರುಮಾಡಿದಳು. ಒಂದು ಹೆಸರು, ಮೂರು ಸಲ. ಇನ್ನೊಂದು ಹೆಸರು, ಮೂರು ಸಲ. ದನಿ ಬಡವಾಗಿತ್ತು, ಆಗರದ ಅರ್ಧಕ್ಕೂ ಮುಟ್ಟುತ್ತಿರಲಿಕ್ಕಿಲ್ಲ. ನಾನು ತಂತಿಗಳನ್ನು ಅಡ್ಡ ಹಾಕಿದೆ. ಹೊರಗಿನದು ಒಳಕ್ಕೆ, ಒಳಗಿನದು ಹೊರಕ್ಕೆ. ಎಪ್ಪತ್ತೊಂದು ವರ್ಷದ ಬೆರಳು, ಅದಕ್ಕೆ ಜಡೆಯ ರೂಢಿ. ಬಿಟ್ಟರೆ ಹಳೆಯ ಹಾಗೆಯೇ ಕಟ್ಟಿಬಿಡುತ್ತದೆ. ಒಂದೊಂದು ಸುತ್ತನ್ನೂ ಬೆರಳಿಗೆ ಬುದ್ಧಿ ಹೇಳಿ ಸುತ್ತಿಸಬೇಕಾಯಿತು. ಒಮ್ಮೆ ತಪ್ಪಿತೇನೋ ಎನ್ನಿಸಿತು. ಬಿಚ್ಚಿ ಮತ್ತೆ ಕಟ್ಟಿದೆ. ತಾಮ್ರ ಉಗುರಿನ ಸಂದಿಗೆ ಚುಚ್ಚಿ ರಕ್ತ ಬಂತು, ಬೆಚ್ಚಗಾದದ್ದರಿಂದ ಗೊತ್ತಾಯಿತು. ಮೇಲೆ ಸುತ್ತಲು ಟೇಪಿಗಾಗಿ ಕೈಯಾಡಿಸಿದೆ, ಸಿಗಲಿಲ್ಲ. ಅದೇ ಹಸಿರು ಪಟ್ಟಿಯನ್ನೇ ಸುತ್ತಿದೆ.

ಬಲಬಾಗಿಲು ಒಮ್ಮೆಲೇ ಬಾಯಿಬಿಟ್ಟಿತು. ನಾಗವೇಣಿ ಬೆಚ್ಚಿದ್ದು ನನ್ನ ಮೈಗೆ ತಿಳಿಯಿತು, ಆದರೆ ಕೂಗು ನಿಲ್ಲಿಸಲಿಲ್ಲ. ಈಗ ದನಿ ಒಂದೇ ಕಡೆ ತೂಕವಾಗಿ ಕೂತಿತ್ತು, ಕಲ್ಲಿನ ಹಾಗೆ. ಸರಿಯಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಾರಿನೊಳಗೆ ಕೂತವಳಿಗೆ ಅದು ಗೊತ್ತಾಗುವುದಿಲ್ಲ. ಡಿಕ್ಕಿ ಹೇಳಬೇಕು.

ಹತ್ತು ಹೆಸರಾಯಿತು. ಹದಿನೈದಾಯಿತು. ಡಿಕ್ಕಿ ಸುಮ್ಮನಿತ್ತು. ಇನಾಸ ಎಲ್ಲೋ ಹತ್ತಿರದಲ್ಲಿ ಗುಟುಕು ಗುಟುಕಾಗಿ ಉಗುಳು ನುಂಗುತ್ತಿದ್ದ. ಆಮೇಲೆ ಟಪ್ ಟಪ್ ಎಂದು ಎರಡು ತಟ್ಟು. ಮತ್ತೆ ಎರಡು. ಒಟ್ಟಿಗೆ ಮೂವರು ತಟ್ಟಿದರು, ಎಣಿಕೆ ತಪ್ಪಿತು, ಬೆರಳು ಮಡಚಿ ಮತ್ತೆ ಎಣಿಸಿದೆ. ಇಪ್ಪತ್ತು. ಮೂವತ್ತು. ಪಟ್ಟಿ ಎರಡನೆಯ ಸುತ್ತಿಗೆ ಬಂತು. ಮೂವತ್ತೊಂಬತ್ತು. ನಲವತ್ತು.

ಅಲ್ಲಿಗೆ ನಿಂತಿತು.

ಬಂದವರ ಹೆಸರು ಬಿಟ್ಟು ಬಿಟ್ಟು ಕೂಗಲು ಬರುವುದಿಲ್ಲ, ಯಾರು ಬಂದರು ಎಂದು ಕಾಣುವುದಿಲ್ಲವಲ್ಲ. ನಾಗವೇಣಿ ಮತ್ತೆ ಪಟ್ಟಿ ಹಿಡಿದು ನಲವತ್ತೊಂದನ್ನೂ ಕೂಗುತ್ತಾ ಹೋದಳು. ಕಡೆಯ ಹೆಸರು ಮಾದೇವಿಯದು. ಅದಕ್ಕೆ ಬಂದಾಗ ಅವಳ ದನಿ ಒಡೆಯಿತು. ಒಡೆದದ್ದು ಎರಡು ಬಾಗಿಲಿನಿಂದಲೂ ಆಗರದ ಮೇಲೆ ಹೋಯಿತು. ಮೈಕು ಅವಳ ಕೈಯಿಂದ ಜಾರಿ ನನ್ನ ಮಡಿಲಿಗೆ ಬಿತ್ತು.

ಎತ್ತಿಕೊಂಡೆ. ಬಿಳಿಯಲ್ಲಿ ನಾನು ಯಾವತ್ತೂ ಕೂಗಿದವಳಲ್ಲ. ಬಾಯಿಗೆ ಮೊದಲು ಬಂದ ಹೆಸರು ಬೇರೆಯದೇ ಆಗಿತ್ತು. ಅದನ್ನು ನುಂಗಿ "ಮಾದೇವೀ" ಎಂದೆ. "ಮಾದೇವೀ. ಮಾದೇವೀ." ಮೂರೇ ಸಲ ಎಂಬ ಕಟ್ಟಳೆಯನ್ನು ಮರೆತು ಕೂಗುತ್ತಲೇ ಹೋದೆ. ಹಮ್ಮಣ್ಣ ಹೀಗೆ ಎರಡು ತಾಸು ಕೂಗಿದ್ದ. ಕಾರನ್ನು ಒಂದು ಗೇಣೂ ಅಲ್ಲಾಡಿಸದೆ, ತನ್ನ ಹೆಂಡತಿಯನ್ನು, ನಾನು ಕಟ್ಟಿದ ಗಂಟಿನ ಮೇಲೆ ಕೂತು. ಅವನ ಪ್ರತಿಯೊಂದು ಕೂಗೂ ಅವಳನ್ನು ಇನ್ನಷ್ಟು ದೂರ ನಡೆಸಿತ್ತು. ಮತ್ತೆ ಮಾದೇವಿಯನ್ನು ಕೂಗಿದೆ.

ಎಷ್ಟು ಹೊತ್ತೋ ತಿಳಿಯದು. ಡಿಕ್ಕಿಯ ಮೇಲೆ ಒಂದು ಒದ್ದೆ ಕೈ ಬಿತ್ತು. ಎರಡು ಸಲ ತಟ್ಟಲಿಲ್ಲ, ಐದಾರು ಸಲ ಬಡಿಯಿತು, ಸಿಟ್ಟಿನಿಂದ. ನಾಗವೇಣಿ ನನ್ನನ್ನು ದಾಟಿ ತಡಕಾಡುತ್ತಾ ಹೊರಗೆ ಹೋದಳು. ಕಟ್ಟಳೆ ಮುರಿದು ಒಂದು ಅಳು ಕೇಳಿಸಿತು, ಕೂಡಲೇ ಯಾರೋ ಅದಕ್ಕೆ ಸೆರಗು ಒತ್ತಿದರು.

ಐದಕ್ಕೆ ಬಿಳಿ ಏರಿತು. ಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕೂತಿದ್ದರು. ಮಾದೇವಿ ಮೊಣಕಾಲವರೆಗೆ ಉಪ್ಪುನೀರಲ್ಲಿ ಒದ್ದೆಯಾಗಿದ್ದಳು. "ತಾಳೆಗರಿ ಮುಚ್ಚೂದು ಒಂದು ಬಾಕಿ ಇತ್ತು, ಅದಕ್ಕೆ ಹಿಂದೆ ಹೋಗಿದ್ದೆ. ಅಷ್ಟಕ್ಕೇ ಹೆಣಕ್ಕೆ ಕೂಗೂ ಹಾಗೆ ಕೂಗ್ತಾರಲ್ಲ ಈ ಮಂಕಾಳಕ್ಕ!" ಎಂದಳು. ಬೈಯುತ್ತಲೇ ಮಗಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು.

ಬೊಮ್ಮಯ್ಯ ಎದ್ದು ಬಂದ. ಈಗ ಅವನಿಗೂ ಎಂಬತ್ತರ ಹತ್ತಿರ. "ನೆಟ್ಟಗೆ ಕೇಳ್ತು ಇವತ್ತು. ಎಂತ ಆಗಿತ್ತು?"

"ಹಳೇ ಗಂಟು ಉಲ್ಟಾ ಕಟ್ಟಿತ್ತು. ಯಾವನೋ ಪುಣ್ಯಾತ್ಮ..." ಇನಾಸ ಶುರುಮಾಡಿದ.

"ನಾನು" ಎಂದೆ. "ಕಟ್ಟಿದವಳು ನಾನು. ಹತ್ತೊಂಬತ್ತು ವರ್ಷದ ಹಿಂದೆ."

ಯಾರಿಗೂ ಲೆಕ್ಕ ಹಾಕಲು ಬಹಳ ಹೊತ್ತು ಬೇಕಾಗಲಿಲ್ಲ. ಮಾದೇವಿ "ಹಾಂಗಾದ್ರೆ ಹಮ್ಮಣ್ಣ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಬೊಮ್ಮಯ್ಯ ಹೆಗಲ ಮೇಲಿನ ಪಂಚೆಯನ್ನು ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ದನಿ ತಗ್ಗಿಸಿ ಹೇಳಿದ. "ಹಳೇ ಕತೆ ಮಂಕಾಳಿ. ಈಗ ಕೆದರಿ ಎಂತ ಬರ್ತದೆ? ತುಳಸು ಬರ್ತಾಳಾ? ನಾವಿಷ್ಟು ಜನ ಕೇಳಿದ್ದಾಯ್ತು. ಇಲ್ಲಿಗೇ ಬಿಡುವ. ಊರಿನ ಮಾನ ಊರಲ್ಲಿರ್ಲಿ."

"ಕೇಳ್ಬೇಕಾದವ ಇಲ್ಲಿ ಇಲ್ಲ ಬೊಮ್ಮಯ್ಯ" ಎಂದೆ. "ಕೀಲಿ ಕಿತ್ತುಕೊಂಡದ್ದು ನಿನ್ನ ಕೈ. ಉಗಿದದ್ದು ನನ್ನ ಬಾಯಿ. ನಿನ್ನದು ನಿನಗೆ ಬಿಟ್ಟದ್ದು."

ಮನೆಗೆ ಬಂದಾಗ ಸಿಗಡಿಯ ಬುಟ್ಟಿಗೆ ಇರುವೆ ಮುತ್ತಿತ್ತು. ಅದನ್ನು ಬಿಸಿಲು ಉಳಿದ ಕಡೆ ಇಟ್ಟು, ಡಬ್ಬಿಯ ಅಡಿಯಿಂದ ಲಕೋಟೆ ತೆಗೆದೆ.

ತುಳಸು ಹೋದ ಮೂರು ವರ್ಷಕ್ಕೆ ನಾನು ರಾತ್ರಿ ಶಾಲೆಗೆ ಸೇರಿದೆ. ಆಗರದ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರುತಿಲ್ಲದ ಆ ಒಂದು ಸಾಲನ್ನು ನನ್ನ ಕಣ್ಣಿನಿಂದಲೇ ಓದಬೇಕೆಂದಿತ್ತು. ಓದಿದೆ. ಆಮೇಲೆ ಸುಬ್ರಾಯ ಮಾಸ್ತರರು ಎಲ್ಲರಿಗೂ ಒಂದೊಂದು ಪತ್ರ ಬರೆಯಲು ಹೇಳಿದರು. ನಾನು ಹಮ್ಮಣ್ಣನಿಗೆ ಬರೆದೆ. "ನಾನು ಕ್ಷೇಮ. ನೀನು ಮಾಡಿದ್ದನ್ನು ಕ್ಷಮಿಸಿದ್ದೇನೆ. ಊರಿಗೆ ಬಾ." ಮೂರೇ ಸಾಲು. ಮಾಸ್ತರರು ಓದಿ, ಅಕ್ಷರ ದುಂಡಗಿದೆ ಎಂದು ಮೆಚ್ಚಿಕೊಂಡು, ವಿಳಾಸ ಬರೆಯುವುದನ್ನೂ ಕಲಿಸಿ, ಹಾಕಿಬಿಡಿ ಎಂದರು. ಹಾಕಲಿಲ್ಲ. ಎಷ್ಟೋ ಸಲ ಅಂಚೆಪೆಟ್ಟಿಗೆಯವರೆಗೆ ಹೋಗಿದ್ದೇನೆ. ಕೈ ಎತ್ತಿದಾಗಲೆಲ್ಲ ಅವನು ಅಂಗಳದಲ್ಲಿ ನಿಂತು ತಂತಿ ನೋಡು ಎಂದದ್ದು ಕೇಳಿಸುತ್ತಿತ್ತು. ಶಾಲೆಯಲ್ಲಿ ಅಧಿಕ ಚಿಹ್ನೆ, ಕಳೆಯುವ ಚಿಹ್ನೆ ಕಲಿತ ರಾತ್ರಿ ನಾನು ಊಟ ಮಾಡಿರಲಿಲ್ಲ. ಆ ಸೀಟನ್ನು ಅಂದೇ ಎತ್ತಿಸಬಹುದಿತ್ತು. ಎತ್ತಿಸಲಿಲ್ಲ. ಕಾರಿನ ನೆತ್ತಿಯ ಮೇಲೆ ಹಾರ್ನು ಸರಿಯಾಗಿ ಕೂಗುತ್ತಿದೆಯಲ್ಲ, ಇನ್ನೇಕೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಚೆ ದಡಕ್ಕೆ ದೋಣಿಯಲ್ಲಿ ಅರ್ಧ ತಾಸು. ಹೋಗಿ ಬಾಯಲ್ಲೇ ಹೇಳಬಹುದು. ಆದರೆ ಬಾಯಲ್ಲಿ ಹೇಳಿದ್ದನ್ನು ಅವನು ಯಾರಿಗೆ ತೋರಿಸುತ್ತಾನೆ? ಆ ಊರಿಗೂ ಅವನ ಹಿಂದೆಯೇ ಈ ಸುದ್ದಿ ಹೋಗಿತ್ತು, ಹೆಂಡತಿಯನ್ನು ಕಳೆದವ ಎಂದು. ಅಲ್ಲಿ ಅವನು ದೋಣಿಗಳಿಗೆ ಡಾಂಬರು ಬಳಿಯುತ್ತಾನೆ, ಒಬ್ಬನೇ ಉಣ್ಣುತ್ತಾನೆ ಎಂದು ಹೋಗಿಬಂದವರು ಹೇಳುತ್ತಾರೆ. ಅವನ ಕೈಯಲ್ಲಿ ಕಾಗದವಿರಬೇಕು, ನನ್ನ ಅಕ್ಷರದಲ್ಲಿ.

ಹಳೆಯ ಪತ್ರವನ್ನು ಹರಿಯಲಿಲ್ಲ. ಅವನು ಅದನ್ನೂ ನೋಡಲಿ. "ಕ್ಷಮಿಸಿದ್ದೇನೆ" ಎಂಬ ಸಾಲಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಬರೆದೆ.

"ಹಮ್ಮಣ್ಣಾ, ಈ ಮೇಲಿನದನ್ನು ಬರೆದಾಗಲೇ ನನಗೆ ಅನುಮಾನವಿತ್ತು. ಇವತ್ತು ಸೀಟು ಎತ್ತಿಸಿ ನೋಡಿದೆ. ನೀನು ಕಾರು ಅಲ್ಲಾಡಿಸಲಿಲ್ಲ. ಬಲಗಡೆಯ ತಂತಿಯನ್ನು ನಾನು ತಿರುಗಿಸಿ ಕಟ್ಟಿದ್ದೆ. ತುಳಸುವಿನ ಸೀರೆಯ ಪಟ್ಟಿಯಲ್ಲಿ ಕಟ್ಟಿದ್ದೆ. ನೀನು ಹೇಳಿದ ದಿನ ನೋಡಲಿಲ್ಲ. ಇದನ್ನು ಯಾರಿಗೆ ಬೇಕಾದರೂ ತೋರಿಸು. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ಊರಿಗೆ ಬಾ ಎಂದು ಮಾತ್ರ ಮೊದಲಿನದೇ ಇಟ್ಟಿದ್ದೇನೆ. ಮಂಕಾಳಿ."

ಲಕೋಟೆಯ ಅಂಟು ಹದಿನಾರು ವರ್ಷದಲ್ಲಿ ಒಣಗಿಹೋಗಿತ್ತು. ಅನ್ನದ ಅಗುಳು ಹಚ್ಚಿ ಒತ್ತಿದೆ. ಬೆಳಿಗ್ಗೆ ದೋಣಿಕಟ್ಟೆಯ ಅಂಚೆಪೆಟ್ಟಿಗೆಗೆ ಹೋದೆ. ನಾಗವೇಣಿ ಕಾರಿನಲ್ಲಿ ಬಿಡುತ್ತೇನೆ ಎಂದಳು, ಬೇಡ ಎಂದೆ. ಲಕೋಟೆಯನ್ನು ಬಾಯಿಗೆ ತೂರಿಸಿ ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದೆ. ಆಮೇಲೆ ಬಿಟ್ಟೆ. ತಗಡಿನ ತಳಕ್ಕೆ ಅದು ಬಿದ್ದ ಸದ್ದು ಕೇಳಿಸಿತು. ಸಣ್ಣ ಸದ್ದು, ಆದರೆ ಎಲ್ಲಿಂದ ಬಂತೆಂದು ಕಣ್ಣು ಮುಚ್ಚಿಯೂ ಹೇಳಬಹುದಿತ್ತು.